ನೆಲನೆಲ್ಲಿ ಎಂದರೆ ಯಾವ ನೆಲನೆಲ್ಲಿ?

– ದ್ವಿತೀಯ ಪಿಯುಸಿ ವಿದ್ಯಾರ್ಥಿನಿ, ವಿಜ್ಞಾನ ವಿಭಾಗ

ಕಳೆದ ಮಳೆಗಾಲದಲ್ಲಿ ನನ್ನ ತಮ್ಮನಿಗೆ ಕಾಮಾಲೆ ಆಯಿತು. ಅವನಿಗೆ ಒಂಬತ್ತು ವರ್ಷ. ಮೊದಲು ನಾಲ್ಕು ದಿನ ಜ್ವರ ಬಂತು, ಊಟ ಬೇಡ ಎನ್ನುತ್ತಿದ್ದ. ಐದನೇ ದಿನ ಅಮ್ಮಿ ಅವನ ಕಣ್ಣು ನೋಡಿ ಗಾಬರಿಯಾದರು. ಬಿಳಿ ಭಾಗವೆಲ್ಲ ಹಳದಿಯಾಗಿತ್ತು.

ನಮ್ಮ ಕಡೆ ಕಾಮಾಲೆ ಎಂದರೆ ಆಸ್ಪತ್ರೆಗಿಂತ ಮೊದಲು ನೆನಪಾಗುವುದು ಔಷಧಿ ಕೊಡುವವರ ಊರು. ಟೇಕಲ್ ಸುತ್ತಮುತ್ತ ಯಾರನ್ನು ಕೇಳಿದರೂ ಒಂದು ಊರಿನ ಹೆಸರು ಹೇಳುತ್ತಾರೆ. "ನೆಲನೆಲ್ಲಿ ಕೊಡ್ತಾರೆ, ಮೂರು ದಿನ ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಮಜ್ಜಿಗೆಗೆ ಹಾಕಿ ಕುಡಿಸಿ, ಎಣ್ಣೆ ಮುಟ್ಟಿಸಬೇಡಿ" ಎಂದು ನಾನಿ ಹೇಳಿದರು. ಅಬ್ಬಾ ಬೈಕಿನಲ್ಲಿ ಹೋಗಿ ಹಳೆಯ ಪೇಪರಿನಲ್ಲಿ ಕಟ್ಟಿದ ಮೂರು ಪೊಟ್ಟಣ ತಂದರು. ಒಳಗೆ ಹಸಿರುಗಂದು ಬಣ್ಣದ ಪುಡಿ ಇತ್ತು.

ಮೂರನೇ ದಿನ ತಮ್ಮನಿಗೆ ವಾಂತಿ ಹೆಚ್ಚಾಯಿತು, ಸದಾ ಮಂಪರಿನಲ್ಲಿರುತ್ತಿದ್ದ. ಕೋಲಾರದ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ, "ಮನೆಯಲ್ಲಿ ಏನು ಕೊಟ್ಟಿದ್ದೀರಿ?" ಅಬ್ಬಾ "ನೆಲನೆಲ್ಲಿ" ಎಂದರು. "ಅದೊಂದೇನಾ? ಜೊತೆಗೆ ಬೇರೆ ಏನಾದರೂ ಇತ್ತಾ? ಒಂದು ಸಲಕ್ಕೆ ಎಷ್ಟು ಗ್ರಾಂ?" ಅಮ್ಮಿ ಉಳಿದಿದ್ದ ಪೊಟ್ಟಣದ ಪೇಪರನ್ನು ತೋರಿಸಿದರು. ಅದರ ಮೇಲೆ ಹಳೆಯ ಸಿನಿಮಾ ಜಾಹೀರಾತು ಬಿಟ್ಟು ಬೇರೇನೂ ಇರಲಿಲ್ಲ.

ರಕ್ತ ಪರೀಕ್ಷೆಯಲ್ಲಿ ಹೆಪಟೈಟಿಸ್ ಎ ಎಂದು ಗೊತ್ತಾಯಿತು. ಎರಡು ದಿನ ಗ್ಲೂಕೋಸ್ ಹಾಕಿದರು. ಮೂರು ವಾರದಲ್ಲಿ ತಮ್ಮ ಶಾಲೆಗೆ ಹೊರಟ. ಪುಡಿಯಿಂದ ತೊಂದರೆ ಆಯಿತೇ ಎಂದು ಅಬ್ಬಾ ಕೇಳಿದಾಗ ಡಾಕ್ಟರ್ ಹೌದು ಎನ್ನಲಿಲ್ಲ, ಇಲ್ಲ ಎಂದೂ ಹೇಳಲಿಲ್ಲ. "ಏನೆಂದೇ ಗೊತ್ತಿಲ್ಲದ ಪುಡಿಯ ಬಗ್ಗೆ ನಾನು ಏನು ಹೇಳಲಿ?" ಎಂದರು.

ಆ ಮಾತು ನನ್ನ ತಲೆಯಲ್ಲಿ ಉಳಿಯಿತು. ನಾಟಿ ವೈದ್ಯರನ್ನು ಹಳಿಯುವುದಕ್ಕಾಗಲಿ, ಆಯುರ್ವೇದ, ಯುನಾನಿ ಕೆಲಸಕ್ಕೆ ಬಾರದವು ಎನ್ನುವುದಕ್ಕಾಗಲಿ ನಾನು ಇದನ್ನು ಬರೆಯುತ್ತಿಲ್ಲ. ಮೂಲಿಕೆ ಔಷಧಿಯ ಬಗ್ಗೆ ನಾವು ಸಾಮಾನ್ಯವಾಗಿ "ಇದರಿಂದ ಗುಣ ಆಗುತ್ತದೆಯೇ?" ಎಂದು ಕೇಳುತ್ತೇವೆ. ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆಗಳು ಮೂರು. ಪೊಟ್ಟಣದಲ್ಲಿರುವುದು ನಿಜವಾಗಿ ಆ ಗಿಡವೇ? ಅದು ಶುದ್ಧವಾಗಿದೆಯೇ? ಮುಂದಿನ ಸಲ ತಂದ ಪೊಟ್ಟಣವೂ ಇದೇ ರೀತಿ ಇರುತ್ತದೆಯೇ? ಈ ಮೂರಕ್ಕೆ ಉತ್ತರ ಕೊಡುವ ಕೆಲಸವನ್ನೇ ಔಷಧಿಯ ಪ್ರಮಾಣೀಕರಣ ಎನ್ನುತ್ತಾರೆ.

ಒಂದು ಹೆಸರು, ಹಲವು ಗಿಡ

ನೆಲನೆಲ್ಲಿ ನಮಗೆಲ್ಲ ಗೊತ್ತಿರುವ ಗಿಡ. ಮಳೆ ಬಿದ್ದ ಮೇಲೆ ರಾಗಿ ಹೊಲದ ಬದುವಿನಲ್ಲಿ, ಮನೆಯ ಹಿತ್ತಲಲ್ಲಿ ಒಂದು ಗೇಣು ಎತ್ತರಕ್ಕೆ ಬೆಳೆಯುತ್ತದೆ. ಎಲೆಯ ಸಾಲಿನ ಕೆಳಗೆ ಸಾಸಿವೆಗಿಂತ ಸ್ವಲ್ಪ ದೊಡ್ಡ ಕಾಯಿಗಳಿರುತ್ತವೆ. ಕಿರುನೆಲ್ಲಿ ಎಂದೂ ಕರೆಯುತ್ತಾರೆ. ನಮ್ಮ ಗಡಿಭಾಗದಲ್ಲಿ ತೆಲುಗು ಮಾತನಾಡುವವರು ನೇಲ ಉಸಿರಿ ಎನ್ನುತ್ತಾರೆ, ನಾನಿಗೆ ಅದು ಭುಂಯಿ ಆಮ್ಲಾ. ಸಂಸ್ಕೃತ ಗ್ರಂಥಗಳಲ್ಲಿ ತಾಮಲಕೀ, ಭೂಮ್ಯಾಮಲಕೀ ಎಂದಿದೆ.

ತೊಂದರೆ ಏನೆಂದರೆ, ಈ ಹೆಸರುಗಳು ಒಂದೇ ಗಿಡಕ್ಕೆ ಸೇರಿದವಲ್ಲ. ಫಿಲ್ಲಾಂಥಸ್ ಎಂಬ ಕುಲದಲ್ಲಿ ನೋಡಲು ಒಂದೇ ರೀತಿ ಕಾಣುವ ಹಲವು ಸಣ್ಣ ಗಿಡಗಳಿವೆ. ನಮ್ಮಲ್ಲಿ ಹೆಚ್ಚಾಗಿ ಬಳಸುವುದು ಫಿಲ್ಲಾಂಥಸ್ ಅಮಾರಸ್. ಅಮಾರಸ್ ಎಂದರೆ ಲ್ಯಾಟಿನ್ ಭಾಷೆಯಲ್ಲಿ ಕಹಿ. ಇದರ ಕಾಯಿ ನುಣುಪಾಗಿದ್ದು ಸಣ್ಣ ತೊಟ್ಟಿನಲ್ಲಿ ಇರುತ್ತದೆ. ಫಿಲ್ಲಾಂಥಸ್ ಯೂರಿನೇರಿಯಾದ ಕಾಯಿ ಕೆಂಪಗಿದ್ದು ಮೈಮೇಲೆ ಗುಳ್ಳೆಗಳಿರುತ್ತವೆ, ತೊಟ್ಟು ಇಲ್ಲವೇ ಇಲ್ಲ ಎನ್ನುವಷ್ಟು ಚಿಕ್ಕದು. ಗಿಡ ಹಸಿಯಾಗಿ ಕೈಯಲ್ಲಿದ್ದರೆ ಈ ವ್ಯತ್ಯಾಸ ಕಾಣುತ್ತದೆ. ಒಣಗಿಸಿ ಕುಟ್ಟಿ ಪುಡಿ ಮಾಡಿದ ಮೇಲೆ ಬರಿಗಣ್ಣಿಗೆ ಎಲ್ಲವೂ ಹಸಿರು ಪುಡಿಯೇ.

ಈ ಗೊಂದಲ ಹೊಸದೇನಲ್ಲ. ಹನ್ನೊಂದನೇ ಶತಮಾನದಲ್ಲಿ ಅಲ್ ಬಿರೂನಿ ಔಷಧದ್ರವ್ಯಗಳ ಬಗ್ಗೆ 'ಕಿತಾಬ್ ಅಲ್ ಸೈದನಾ' ಎಂಬ ಗ್ರಂಥ ಬರೆದರು. ಅದರಲ್ಲಿ ಒಂದೊಂದು ದ್ರವ್ಯಕ್ಕೂ ಅರಬ್ಬಿ, ಗ್ರೀಕ್, ಸಿರಿಯಾಕ್, ಪರ್ಷಿಯನ್ ಹಾಗೂ ಭಾರತೀಯ ಭಾಷೆಗಳಲ್ಲಿ ಏನೆನ್ನುತ್ತಾರೆ ಎಂದು ಸೇರಿಸಿದರು. ಊರಿನಿಂದ ಊರಿಗೆ ಹೆಸರು ಬದಲಾದರೆ ಔಷಧಿಯೇ ಬದಲಾಗಿಬಿಡುತ್ತದೆ ಎಂಬುದು ಸಾವಿರ ವರ್ಷಗಳ ಹಿಂದೆಯೇ ತಿಳಿದಿತ್ತು.

ಇಪ್ಪತ್ತೈದು ಅಂಗಡಿಗಳ ಪೊಟ್ಟಣ

ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ, ಅಂದರೆ ನಾವು ಕೃಷಿ ಮೇಳಕ್ಕೆ ಹೋಗುವ ಜಿಕೆವಿಕೆಯ ವಿಜ್ಞಾನಿಗಳು ಮತ್ತು ಅವರ ಸಂಗಡಿಗರು ಇದನ್ನೇ ಪರೀಕ್ಷಿಸಿ ನೋಡಿದ್ದಾರೆ. ಅವರ ಲೇಖನ 2010ರಲ್ಲಿ ಪ್ರಕಟವಾಯಿತು. ಅದರ ಲೇಖಕರಲ್ಲಿ ಉಮಾಶಂಕರ್, ರವಿಕಾಂತ್ ಅವರ ಜೊತೆಗೆ, ನಮ್ಮ ಲೈಬ್ರರಿಯಲ್ಲಿ ಕಾದಂಬರಿ ಓದುವವರಿಗೆ ಚೆನ್ನಾಗಿ ಗೊತ್ತಿರುವ ಕೆ.ಎನ್. ಗಣೇಶಯ್ಯನವರೂ ಇದ್ದಾರೆ.

ದಕ್ಷಿಣ ಭಾರತದ 25 ಮೂಲಿಕೆ ಅಂಗಡಿಗಳಿಂದ ಅವರು ನೆಲನೆಲ್ಲಿ ಎಂದು ಮಾರುತ್ತಿದ್ದ ಒಣ ಗಿಡಗಳನ್ನು ತಂದರು. ಮೊದಲು ಎಲೆ, ಕಾಯಿ, ಬೀಜ ನೋಡಿ ಗುರುತಿಸಿದರು. ನಂತರ ಡಿಎನ್‌ಎಯ ಒಂದು ಸಣ್ಣ ತುಣುಕನ್ನು ಓದಿ ತಾಳೆ ನೋಡಿದರು. ನಮ್ಮ ಆಧಾರ್ ಸಂಖ್ಯೆಯಂತೆ ಪ್ರತಿ ಜಾತಿಯ ಗಿಡಕ್ಕೂ ಆ ತುಣುಕು ಬೇರೆ ಬೇರೆ ಇರುತ್ತದೆ. ಇದಕ್ಕೆ ಡಿಎನ್‌ಎ ಬಾರ್‌ಕೋಡಿಂಗ್ ಎನ್ನುತ್ತಾರೆ. ಶೇ. 76ರಷ್ಟು ಮಾದರಿಗಳಲ್ಲಿ ಫಿಲ್ಲಾಂಥಸ್ ಅಮಾರಸ್ ಪ್ರಧಾನವಾಗಿತ್ತು. ಉಳಿದ ಶೇ. 24ರಲ್ಲಿ ಅದೇ ಕುಲದ ಬೇರೆ ಐದು ಜಾತಿಯ ಗಿಡಗಳು ಸಿಕ್ಕವು. ಅಂದರೆ ನಾಲ್ಕು ಅಂಗಡಿಗೆ ಹೋದರೆ ಸುಮಾರು ಒಂದರಲ್ಲಿ ನಮಗೆ ಸಿಗುವುದು ಬೇರೆ ನೆಲನೆಲ್ಲಿ.

ಯಾರೋ ಬೇಕೆಂದೇ ಮೋಸ ಮಾಡುತ್ತಾರೆ ಎಂದು ಇದರ ಅರ್ಥವಲ್ಲ. ಗಿಡ ಕಿತ್ತು ತರುವವರು ಕೂಲಿಗೆ ಹೋಗುವ ಜನ. ಹೊಲದಲ್ಲಿ ಎಲ್ಲವೂ ಒಟ್ಟಿಗೇ ಬೆಳೆದಿರುತ್ತವೆ. ಅವರಿಂದ ಸಂತೆಗೆ, ಸಂತೆಯಿಂದ ದಲ್ಲಾಳಿಗೆ, ಅಲ್ಲಿಂದ ಗ್ರಂಧಿಗೆ ಅಂಗಡಿಗೆ ಮೂಟೆ ಹೋಗುವಾಗ ಯಾರೂ ಬಿಚ್ಚಿ ನೋಡುವುದಿಲ್ಲ.

ಕೆಲವು ಕಡೆ ಬೆರಕೆಗೆ ಬೇರೆ ಕಾರಣವಿರುತ್ತದೆ. ಹೆಂಗಸರ ಮುಟ್ಟಿನ ತೊಂದರೆಗೆ ಕೊಡುವ ಅಶೋಕಾರಿಷ್ಟಕ್ಕೆ ಬೇಕಾದದ್ದು ಸೀತಾ ಅಶೋಕದ ತೊಗಟೆ. ಅದು ಕಿತ್ತಳೆ ಕೆಂಪು ಹೂ ಬಿಡುವ ಮರ, ಕಾಡಿನಲ್ಲಿ ಈಗ ಅಪರೂಪ. ಶಾಲೆ, ಕಚೇರಿಗಳ ಕಾಂಪೌಂಡ್ ಪಕ್ಕ ಕಂಬದ ಹಾಗೆ ನೆಟ್ಟಗೆ ಬೆಳೆಯುವ ಮರವನ್ನೂ ನಾವು ಅಶೋಕ ಎಂದೇ ಕರೆಯುತ್ತೇವೆ. ಆದರೆ ಅದು ಪಾಲಿಯಾಲ್ಥಿಯಾ ಎಂಬ, ಸೀತಾಫಲದ ಕುಟುಂಬಕ್ಕೆ ಸೇರಿದ ಬೇರೆಯೇ ಮರ. ಇದೇ ಬೆಂಗಳೂರಿನ ವಿಜ್ಞಾನಿಗಳ ತಂಡ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಂಗಡಿಗಳಿಂದ ತಂದ ಅಶೋಕದ ತೊಗಟೆಯಲ್ಲಿ ಬಹುಪಾಲು ಸೀತಾ ಅಶೋಕವೇ ಆಗಿರಲಿಲ್ಲ. ಬೇಡಿಕೆ ಹೆಚ್ಚು, ಮರ ಕಡಿಮೆ ಎಂದಾಗ ಹೀಗಾಗುತ್ತದೆ.

ಗಿಡ ಬದಲಾದರೆ ಏನಾಗುತ್ತದೆ?

"ಎಲ್ಲವೂ ನೆಲನೆಲ್ಲಿಯ ಅಣ್ಣತಮ್ಮಂದಿರೇ ಅಲ್ಲವೇ, ಯಾವುದಾದರೇನು?" ಎಂದು ನನ್ನ ಗೆಳತಿ ಕೇಳಿದಳು. ಇದಕ್ಕೆ ನೆಲನೆಲ್ಲಿಯ ಇತಿಹಾಸದಲ್ಲೇ ಉತ್ತರವಿದೆ.

ಹೆಪಟೈಟಿಸ್ ಬಿ ವೈರಸ್ಸನ್ನು ಕಂಡುಹಿಡಿದು 1976ರಲ್ಲಿ ನೊಬೆಲ್ ಪ್ರಶಸ್ತಿ ಪಡೆದ ಬ್ಲಂಬರ್ಗ್ ನಮ್ಮ ನೆಲನೆಲ್ಲಿಯ ಮೇಲೂ ಸಂಶೋಧನೆ ಮಾಡಿದ್ದರು. ಅವರ ತಂಡದ 1987ರ ಲೇಖನದಲ್ಲಿ ಗಿಡದ ಹೆಸರು ಫಿಲ್ಲಾಂಥಸ್ ನಿರೂರಿ ಎಂದಿತ್ತು. ನಿರೂರಿ ಎಂಬ ಹೆಸರು ನ್ಯಾಯವಾಗಿ ಸಲ್ಲಬೇಕಾದದ್ದು ಅಮೆರಿಕ ಖಂಡದ ಒಂದು ಗಿಡಕ್ಕೆ. 1988ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಮದ್ರಾಸಿನ ತ್ಯಾಗರಾಜನ್ ಅವರ ಜೊತೆ ಪ್ರಕಟಿಸಿದ ಲೇಖನದಲ್ಲಿ ಅಮಾರಸ್ ಎಂಬ ಹೆಸರು ಬಂತು. ಆ ಪ್ರಯೋಗದಲ್ಲಿ ಹೆಪಟೈಟಿಸ್ ಬಿ ಇದ್ದವರಲ್ಲಿ ಒಂದು ಗುಂಪಿಗೆ ನೆಲನೆಲ್ಲಿ ಪುಡಿಯನ್ನೂ ಇನ್ನೊಂದು ಗುಂಪಿಗೆ ಔಷಧಿ ಇಲ್ಲದ ಬರೀ ಕ್ಯಾಪ್ಸೂಲನ್ನೂ ಕೊಟ್ಟರು. ನೆಲನೆಲ್ಲಿ ತೆಗೆದುಕೊಂಡ 37 ಜನರಲ್ಲಿ 22 ಜನರ ರಕ್ತದಲ್ಲಿ ವೈರಸ್ಸಿನ ಗುರುತು ಕಾಣೆಯಾಯಿತು. ಇನ್ನೊಂದು ಗುಂಪಿನ 23 ಜನರಲ್ಲಿ ಒಬ್ಬರಿಗೆ ಮಾತ್ರ ಹಾಗಾಯಿತು.

ಇಡೀ ಜಗತ್ತು ಕಿವಿ ನಿಮಿರಿಸಿತು. ಆದರೆ ಥಾಯ್ಲೆಂಡ್, ನ್ಯೂಜಿಲೆಂಡ್ ಮುಂತಾದ ಕಡೆ ಮತ್ತೆ ಪ್ರಯೋಗ ಮಾಡಿದಾಗ ಆ ಫಲಿತಾಂಶ ಬರಲಿಲ್ಲ. ಎಲ್ಲ ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದ 2011ರ ಕಾಕ್ರೇನ್ ವಿಮರ್ಶೆಯೂ ಹೆಪಟೈಟಿಸ್ ಬಿಗೆ ಇದು ಗುಣ ಕೊಡುತ್ತದೆ ಎನ್ನಲು ಸಾಕಷ್ಟು ಪುರಾವೆ ಇಲ್ಲ ಎಂದಿತು. ಮೊದಲ ಫಲಿತಾಂಶ ಆಕಸ್ಮಿಕವೇ? ಅಥವಾ ಬೇರೆ ಮಣ್ಣಿನಲ್ಲಿ ಬೆಳೆದ, ಬೇರೆ ಕಾಲದಲ್ಲಿ ಕಿತ್ತ, ಬೇರೆ ರೀತಿ ಒಣಗಿಸಿದ ಗಿಡದಲ್ಲಿ ಸತ್ವ ಬೇರೆ ಇತ್ತೇ? ಎಲ್ಲರೂ ಅಳತೆ ಮಾಡಿದ ಒಂದೇ ರೀತಿಯ ಪುಡಿಯನ್ನು ಬಳಸಿದ್ದರೆ ಈ ಪ್ರಶ್ನೆಯೇ ಏಳುತ್ತಿರಲಿಲ್ಲ. ಔಷಧಿ ಒಳ್ಳೆಯದೋ ಅಲ್ಲವೋ ಎಂದು ತೀರ್ಮಾನಿಸಲೂ ಪ್ರಮಾಣೀಕರಣ ಬೇಕು.

ಇನ್ನೊಂದು ಮಾತು. ನನ್ನ ತಮ್ಮನಿಗೆ ಬಂದ ಹೆಪಟೈಟಿಸ್ ಎ ಮಕ್ಕಳಲ್ಲಿ ಬಹುತೇಕ ತಾನಾಗಿಯೇ ಕೆಲವು ವಾರಗಳಲ್ಲಿ ಇಳಿಯುತ್ತದೆ. ಆ ಸಮಯದಲ್ಲಿ ಏನು ಕೊಟ್ಟರೂ ಅದರಿಂದಲೇ ಗುಣವಾಯಿತು ಎನಿಸುತ್ತದೆ. ಪುಡಿ ಕೊಟ್ಟವರ ಹೆಸರು ಊರೆಲ್ಲ ಹರಡುತ್ತದೆ. ಗುಣವಾಗದ ಒಬ್ಬಿಬ್ಬರ ಸುದ್ದಿ ಆ ಊರಿನವರೆಗೆ ತಲುಪುವುದೇ ಇಲ್ಲ.

ಸರಿಯಾದ ಗಿಡವಾದರೂ ಎಚ್ಚರ ಬೇಕು

ಕೊರೊನಾ ಕಾಲದಲ್ಲಿ ನಮ್ಮ ಓಣಿಯಲ್ಲಿ ಎಲ್ಲರೂ ಅಮೃತಬಳ್ಳಿ ಕಷಾಯ ಕುಡಿದಿದ್ದು ನಿಮಗೆ ನೆನಪಿರಬಹುದು. 2021ರಲ್ಲಿ ಮುಂಬೈನ ವೈದ್ಯರು ಅಮೃತಬಳ್ಳಿ ಸೇವಿಸಿದ್ದ ಆರು ಜನರಲ್ಲಿ ಲಿವರ್ ಹಾನಿ ಕಂಡಿದ್ದಾಗಿ ವರದಿ ಮಾಡಿದರು. ಆಯುಷ್ ಸಚಿವಾಲಯ ಒಪ್ಪಲಿಲ್ಲ. ಅವರು ಸೇವಿಸಿದ್ದು ಟಿನೋಸ್ಪೋರಾ ಕಾರ್ಡಿಫೋಲಿಯಾ ಎಂಬ ನಿಜವಾದ ಅಮೃತಬಳ್ಳಿಯೇ ಎಂದು ಪರೀಕ್ಷಿಸಿಲ್ಲ, ಅದನ್ನೇ ಹೋಲುವ ಟಿನೋಸ್ಪೋರಾ ಕ್ರಿಸ್ಪಾ ಹಾನಿಕರ ಎಂದು ಹೇಳಿತು. ಇಲ್ಲಿಯೂ ಜಗಳ ನಿಂತದ್ದು "ಯಾವ ಗಿಡ?" ಎಂಬ ಪ್ರಶ್ನೆಯ ಮೇಲೆಯೇ. ಮರುವರ್ಷ ಹಲವು ಆಸ್ಪತ್ರೆಗಳು ಸೇರಿ ಮಾಡಿದ ದೊಡ್ಡ ಅಧ್ಯಯನ, ಸರಿಯಾದ ಅಮೃತಬಳ್ಳಿಯಿಂದಲೂ ಕೆಲವರಿಗೆ ಹಾನಿಯಾಗಬಹುದು ಎಂದಿತು. ದೇಹದ ರೋಗನಿರೋಧಕ ಶಕ್ತಿ ತನ್ನ ಮೇಲೆಯೇ ತಿರುಗಿಬೀಳುವ ಆಟೊಇಮ್ಯೂನ್ ತೊಂದರೆ ಇರುವವರು ಹೆಚ್ಚು ಎಚ್ಚರದಿಂದಿರಬೇಕು.

"ಗಿಡಮೂಲಿಕೆ ತಾನೇ, ಸೈಡ್ ಎಫೆಕ್ಟ್ ಇಲ್ಲ" ಎಂಬ ಮಾತನ್ನು ನಾವು ಇನ್ನು ಬಿಡಬೇಕು. ಕೆಲಸ ಮಾಡುವಷ್ಟು ಶಕ್ತಿ ಇರುವ ವಸ್ತುವಿಗೆ ಹಾನಿ ಮಾಡುವ ಶಕ್ತಿಯೂ ಇರಬಹುದು.

ಸರ್ಪಗಂಧ ಕಲಿಸಿದ ಪಾಠ

ಬೇರಿನಿಂದ ಅಳತೆಯ ಔಷಧಿಯವರೆಗೆ ಹೇಗೆ ಹೋಗಬೇಕು ಎಂಬುದಕ್ಕೆ ನಮ್ಮ ದೇಶದಲ್ಲೇ ಒಳ್ಳೆಯ ಉದಾಹರಣೆ ಇದೆ. ಹಕೀಂ ಅಜ್ಮಲ್ ಖಾನ್ ದೆಹಲಿಯಲ್ಲಿ ಕಟ್ಟಿದ ಆಯುರ್ವೇದ ಮತ್ತು ಯುನಾನಿ ತಿಬ್ಬಿ ಕಾಲೇಜನ್ನು 1921ರಲ್ಲಿ ಗಾಂಧೀಜಿ ಉದ್ಘಾಟಿಸಿದರು. ಹಳೆಯ ವೈದ್ಯವನ್ನು ಹೊಸ ವಿಜ್ಞಾನದಿಂದ ಪರೀಕ್ಷಿಸಬೇಕು ಎಂಬುದು ಹಕೀಂ ಸಾಹೇಬರ ಆಸೆಯಾಗಿತ್ತು. ಅಲ್ಲಿ ಸಂಶೋಧನೆ ನಡೆಸಿದ ಸಲೀಮುಜ್ಜಮಾನ್ ಸಿದ್ದಿಕಿ 1931ರಲ್ಲಿ ಸರ್ಪಗಂಧದ ಬೇರಿನಿಂದ ಒಂದು ಆಲ್ಕಲಾಯ್ಡ್ ಬೇರ್ಪಡಿಸಿದರು. ಹಕೀಮರ ನೆನಪಿಗೆ ಅದಕ್ಕೆ ಅಜ್ಮಲೀನ್ ಎಂದು ಹೆಸರಿಟ್ಟರು. 1930ರಲ್ಲಿ ಹಿಮಾಲಯ ಕಂಪನಿಯನ್ನು ಆರಂಭಿಸಿದ ಮೊಹಮ್ಮದ್ ಮನಾಲ್ 1934ರಲ್ಲಿ ಇದೇ ಬೇರಿನ ಮಾತ್ರೆಯನ್ನು ಸರ್ಪಿನಾ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದರು. ಆ ಕಂಪನಿ ಈಗ ನಮ್ಮ ಬೆಂಗಳೂರಿನಲ್ಲೇ ಇದೆ. 1949ರಲ್ಲಿ ಮುಂಬೈನ ಡಾ. ರುಸ್ತುಂ ವಕೀಲ್ ರಕ್ತದೊತ್ತಡದ ರೋಗಿಗಳ ಮೇಲೆ ಸರ್ಪಗಂಧದ ಪರಿಣಾಮವನ್ನು ಬ್ರಿಟಿಷ್ ವೈದ್ಯಪತ್ರಿಕೆಯಲ್ಲಿ ಪ್ರಕಟಿಸಿದರು. 1952ರಲ್ಲಿ ಸ್ವಿಟ್ಜರ್ಲೆಂಡಿನ ವಿಜ್ಞಾನಿಗಳು ರಿಸರ್ಪೀನ್ ಎಂಬ ಸತ್ವವನ್ನು ಬೇರ್ಪಡಿಸಿದರು.

ರಿಸರ್ಪೀನ್ ರಕ್ತದೊತ್ತಡ ಇಳಿಸುತ್ತದೆ. ಪ್ರಮಾಣ ಹೆಚ್ಚಾದರೆ ಮನಸ್ಸಿಗೆ ಖಿನ್ನತೆ ತರಬಹುದು. ಚಿಟಿಕೆ ಲೆಕ್ಕದಲ್ಲಿ ಬೇರಿನ ಪುಡಿ ಕೊಡುವುದಕ್ಕೂ ಮಿಲಿಗ್ರಾಂ ಲೆಕ್ಕದಲ್ಲಿ ಕೊಡುವುದಕ್ಕೂ ಇರುವ ವ್ಯತ್ಯಾಸ ಇಲ್ಲಿ ಗೊತ್ತಾಗುತ್ತದೆ.

ಪ್ರಯೋಗಾಲಯದಲ್ಲಿ ಏನು ಮಾಡುತ್ತಾರೆ?

ಪ್ರತಿ ಮೂಲಿಕೆಗೂ ಯಾವ ಪರೀಕ್ಷೆ, ಯಾವ ಮಿತಿ ಎಂದು ಬರೆದಿಟ್ಟ ಸರ್ಕಾರಿ ಗ್ರಂಥಕ್ಕೆ ಫಾರ್ಮಕೋಪಿಯಾ ಎಂದು ಹೆಸರು. ಭಾರತದ ಆಯುರ್ವೇದ ಫಾರ್ಮಕೋಪಿಯಾದ ಮೊದಲ ಸಂಪುಟದಲ್ಲಿ 80 ದ್ರವ್ಯಗಳ ವಿವರ ಇತ್ತು. ಆಮೇಲೆ ಸಂಪುಟಗಳು ಬೆಳೆದವು. ಯುನಾನಿಗೂ ಪ್ರತ್ಯೇಕ ಫಾರ್ಮಕೋಪಿಯಾ ಇದೆ. ಅದರಲ್ಲಿ ಹೇಳುವ ಪರೀಕ್ಷೆಗಳನ್ನು ನಮ್ಮ ಪಠ್ಯದ ಭಾಷೆಯಲ್ಲೇ ಹೇಳುತ್ತೇನೆ.

ಮೊದಲನೆಯದು ಗುರುತು. ಕಣ್ಣಿನಿಂದ, ಮೂಗಿನಿಂದ, ನಾಲಿಗೆಯಿಂದ ನೋಡಿದ ಮೇಲೆ ಮೈಕ್ರೋಸ್ಕೋಪಿನಲ್ಲಿ ನೋಡುತ್ತಾರೆ. ಪುಡಿ ಮಾಡಿದರೂ ಪತ್ರರಂಧ್ರ, ರೋಮ, ಪಿಷ್ಟದ ಕಣ, ಹರಳುಗಳ ಆಕಾರ ಉಳಿದಿರುತ್ತದೆ.

ಎರಡನೆಯದು ಕಸ. ತೂಗಿದ ಮೂಲಿಕೆಯನ್ನು ಹರಡಿ ಹುಲ್ಲು, ಮಣ್ಣು, ಬೇರೆ ಗಿಡದ ಚೂರುಗಳನ್ನು ಆರಿಸಿ ಮತ್ತೆ ತೂಗುತ್ತಾರೆ. ಬಹಳಷ್ಟು ಮೂಲಿಕೆಗಳಿಗೆ ಇದು ಶೇ. 2ನ್ನು ಮೀರಬಾರದು.

ಮೂರನೆಯದು ಬೂದಿ. ಪುಡಿಯನ್ನು ಸುಟ್ಟರೆ ಖನಿಜಗಳು ಬೂದಿಯಾಗಿ ಉಳಿಯುತ್ತವೆ. ಆ ಬೂದಿಗೆ ಹೈಡ್ರೋಕ್ಲೋರಿಕ್ ಆಮ್ಲ ಹಾಕಿದರೆ ಗಿಡದ ಖನಿಜಗಳು ಬಹುಪಾಲು ಕರಗುತ್ತವೆ, ಮರಳು ಕರಗುವುದಿಲ್ಲ. ಕರಗದೆ ಉಳಿದದ್ದು ಹೆಚ್ಚಿದ್ದರೆ ಮೂಲಿಕೆಯ ಜೊತೆ ಮಣ್ಣನ್ನೂ ತೂಕಕ್ಕೆ ಮಾರಿದ್ದಾರೆ ಎಂದರ್ಥ.

ನಾಲ್ಕನೆಯದು ಸತ್ವ. ನೀರಿನಲ್ಲಿ ಎಷ್ಟು ಕರಗುತ್ತದೆ, ಆಲ್ಕೋಹಾಲಿನಲ್ಲಿ ಎಷ್ಟು ಕರಗುತ್ತದೆ ಎಂದು ಅಳೆಯುತ್ತಾರೆ. ಒಮ್ಮೆ ಕಷಾಯ ತೆಗೆದ ಚರಟವನ್ನೇ ಒಣಗಿಸಿ ಮಾರಿದ್ದರೆ ಇಲ್ಲಿ ಸಿಕ್ಕಿಬೀಳುತ್ತದೆ.

ಐದನೆಯದು ಕ್ರೊಮ್ಯಾಟೋಗ್ರಫಿ. ನಾವು ಮೊದಲ ಪಿಯುಸಿಯಲ್ಲಿ ಎಲೆಯ ಬಣ್ಣಗಳನ್ನು ಕಾಗದದ ಪಟ್ಟಿಯ ಮೇಲೆ ಬೇರ್ಪಡಿಸಿದ್ದೆವಲ್ಲ, ಅದೇ ತತ್ವ. ಫಿಲ್ಲಾಂಥಸ್ ಅಮಾರಸ್‌ನಲ್ಲಿ ಫಿಲ್ಲಾಂಥಿನ್ ಎಂಬ ರಾಸಾಯನಿಕವನ್ನು ಗುರುತಿನ ಚೀಟಿಯಾಗಿ ಹುಡುಕುತ್ತಾರೆ. ಅದರ ಪ್ರಮಾಣ ಅಳೆದರೆ ಈ ಸಲದ ಪುಡಿ ಹೋದ ಸಲದಷ್ಟೇ ಬಲವಾಗಿದೆಯೇ ಎಂದು ತಿಳಿಯುತ್ತದೆ.

ಆರನೆಯದು ಸುರಕ್ಷತೆ. ಇ. ಕೋಲಿ, ಸಾಲ್ಮೊನೆಲ್ಲಾದಂಥ ಬ್ಯಾಕ್ಟೀರಿಯಾ ಇರಬಾರದು. ಸರಿಯಾಗಿ ಒಣಗದ ಮೂಲಿಕೆಯಲ್ಲಿ ಆಸ್ಪರ್ಜಿಲಸ್ ಬೂಷ್ಟು ಬೆಳೆದರೆ ಅಫ್ಲಾಟಾಕ್ಸಿನ್ ಎಂಬ ವಿಷ ಬರುತ್ತದೆ, ಅದು ಹಾಳುಮಾಡುವುದು ಲಿವರನ್ನೇ. ಲಿವರ್ ಔಷಧಿಯಲ್ಲೇ ಲಿವರ್ ವಿಷ ಸೇರಿದರೆ ಹೇಗೆ? ಕೀಟನಾಶಕದ ಅಂಶವನ್ನೂ ನೋಡುತ್ತಾರೆ. ನಮ್ಮ ಜಿಲ್ಲೆಯವರು ಇದನ್ನು ಮರೆಯಬಾರದು. ಟೊಮೇಟೊ ತೋಟದ ಸಾಲಿನಲ್ಲಿ ಹುಲುಸಾಗಿ ಬೆಳೆದ ನೆಲನೆಲ್ಲಿಯ ಮೇಲೆ ನಿನ್ನೆ ತಾನೇ ಔಷಧಿ ಹೊಡೆದಿರಬಹುದು.

ಸೀಸ, ಪಾದರಸ, ಆರ್ಸೆನಿಕ್

ಗಿಡಗಳು ಮಣ್ಣಿನಿಂದ ಒಳ್ಳೆಯದನ್ನು ಮಾತ್ರ ಹೀರುವುದಿಲ್ಲ. ಆದ್ದರಿಂದ ಭಾರಲೋಹಗಳಿಗೂ ಮಿತಿ ಇದೆ. ಮೂಲಿಕೆ ಔಷಧಿಯಲ್ಲಿ ಹತ್ತು ಲಕ್ಷ ಭಾಗಕ್ಕೆ ಸೀಸ 10, ಆರ್ಸೆನಿಕ್ 3, ಪಾದರಸ 1, ಕ್ಯಾಡ್ಮಿಯಂ 0.3 ಭಾಗ ಮೀರಬಾರದು. ಒಂದು ಕಿಲೋ ಪುಡಿಯಲ್ಲಿ ಸೀಸ 10 ಮಿಲಿಗ್ರಾಂ ಎಂದರೆ ಕೆಲವು ಸಾಸಿವೆ ಕಾಳಿನ ತೂಕ. ಇಷ್ಟು ಸಣ್ಣ ಪ್ರಮಾಣವನ್ನು ರುಚಿ, ವಾಸನೆಯಿಂದ ಯಾರೂ ಕಂಡುಹಿಡಿಯಲಾರರು, ಉಪಕರಣವೇ ಬೇಕು.

2004ರಲ್ಲಿ ಅಮೆರಿಕದ ಬಾಸ್ಟನ್ ಸುತ್ತಲಿನ ದಕ್ಷಿಣ ಏಷ್ಯಾದವರ ಅಂಗಡಿಗಳಲ್ಲಿ ಸಿಕ್ಕ 70 ಆಯುರ್ವೇದ ಉತ್ಪನ್ನಗಳನ್ನು ಪರೀಕ್ಷಿಸಿದಾಗ 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತು. ಇದು ದೊಡ್ಡ ಸುದ್ದಿಯಾಯಿತು. 2006ರ ಜನವರಿ 1ರಿಂದ ರಫ್ತಾಗುವ ಮೂಲಿಕೆ ಔಷಧಿಗಳಿಗೆ ಭಾರಲೋಹ ಪರೀಕ್ಷೆಯನ್ನು ಭಾರತ ಸರ್ಕಾರ ಕಡ್ಡಾಯ ಮಾಡಿತು.

ಇಲ್ಲಿ ಒಂದು ವ್ಯತ್ಯಾಸ ತಿಳಿದಿರಬೇಕು. ಆಯುರ್ವೇದದ ರಸೌಷಧಿಗಳಲ್ಲಿ ಲೋಹವನ್ನು ಬೇಕೆಂದೇ ಶೋಧಿಸಿ, ಸುಟ್ಟು ಭಸ್ಮ ಮಾಡಿ ಸೇರಿಸುತ್ತಾರೆ. ಅಂಥವನ್ನು ವೈದ್ಯರ ಕಣ್ಗಾವಲಿನಲ್ಲಿ ಮಾತ್ರ ತೆಗೆದುಕೊಳ್ಳಬೇಕು. ಬರೀ ಗಿಡದ ಪುಡಿಯಲ್ಲಿ ಲೋಹ ಬಂದರೆ ಅದು ಕಲಬೆರಕೆ ಅಥವಾ ಮಾಲಿನ್ಯ. ಹೆದ್ದಾರಿ ಬದಿಯಲ್ಲಿ, ಕಾರ್ಖಾನೆಯ ಹಿಂದೆ, ಕೆಜಿಎಫ್‌ನ ಸೈನೈಡ್ ದಿಬ್ಬಗಳ ಪಕ್ಕದಲ್ಲಿ ಬೆಳೆದ ಮೂಲಿಕೆಯನ್ನು ಎಷ್ಟೇ ಹಸಿರಾಗಿದ್ದರೂ ಕೀಳಬಾರದು.

ಪರೀಕ್ಷೆ ಎಂಬುದು ಹೊರಗಿನಿಂದ ಬಂದ ಹೇರಿಕೆ ಎಂದು ಕೆಲವರು ಹೇಳುತ್ತಾರೆ. ಹಳೆಯ ಗ್ರಂಥಗಳಲ್ಲೇ ಭಸ್ಮಕ್ಕೆ ಪರೀಕ್ಷೆಗಳಿವೆ. ವಾರಿತರ ಎಂದರೆ ಭಸ್ಮ ನಿಂತ ನೀರಿನ ಮೇಲೆ ತೇಲಬೇಕು. ರೇಖಾಪೂರ್ಣತೆ ಎಂದರೆ ಬೆರಳಿನ ಗೆರೆಗಳ ಒಳಗೆ ಸೇರುವಷ್ಟು ನುಣುಪಾಗಿರಬೇಕು. ಅವರ ಕೈಯಲ್ಲಿದ್ದ ಸಾಧನಗಳಿಂದ ಅವರು ಪರೀಕ್ಷಿಸಿದರು. ನಮ್ಮ ಕೈಯಲ್ಲಿರುವ ಸಾಧನಗಳಿಂದ ನಾವು ಪರೀಕ್ಷಿಸಬೇಕು.

ಕಾನೂನು ಎಲ್ಲಿಯವರೆಗೆ ಬರುತ್ತದೆ?

ಔಷಧ ಮತ್ತು ಸೌಂದರ್ಯವರ್ಧಕಗಳ ಕಾಯ್ದೆ 1940ರದ್ದು. 1964ರ ತಿದ್ದುಪಡಿಯಿಂದ ಆಯುರ್ವೇದ, ಯುನಾನಿ ಔಷಧಿಗಳು ಅದರೊಳಗೆ ಬಂದವು. ಮಾರಾಟಕ್ಕೆ ತಯಾರಿಸುವವರಿಗೆ ಲೈಸೆನ್ಸ್ ಬೇಕು. ಕಾರ್ಖಾನೆ ಹೇಗಿರಬೇಕು ಎಂದು ಹೇಳುವ ಷೆಡ್ಯೂಲ್ ಟಿ 2000ದಲ್ಲಿ ಬಂತು. ಬೆಂಗಳೂರಿನ ಜಯನಗರದ ಸರ್ಕಾರಿ ಕೇಂದ್ರ ಫಾರ್ಮಸಿಯ ಆವರಣದಲ್ಲಿ ಆಯುಷ್ ಔಷಧಿಗಳ ಪರೀಕ್ಷಾ ಪ್ರಯೋಗಾಲಯ ಇದೆ. ಮಾಗಡಿ ರಸ್ತೆಯ ಕೊಟ್ಟಿಗೆಪಾಳ್ಯದ ರಾಷ್ಟ್ರೀಯ ಯುನಾನಿ ವೈದ್ಯಕೀಯ ಸಂಸ್ಥೆಯಲ್ಲಿ ಯುನಾನಿ ಔಷಧಿಗಳ ಮೇಲೆ ಸಂಶೋಧನೆ ನಡೆಯುತ್ತದೆ. ಅಡ್ಡಪರಿಣಾಮಗಳ ದೂರು ದಾಖಲಿಸುವ ರಾಷ್ಟ್ರೀಯ ಜಾಲದಲ್ಲೂ ಆ ಸಂಸ್ಥೆ ಒಂದು ಕೇಂದ್ರ.

ಆದರೆ ಅದೇ ಕಾಯ್ದೆಯಲ್ಲಿ ಒಂದು ವಿನಾಯಿತಿ ಇದೆ. ವೈದ್ಯರು, ಹಕೀಮರು ತಮ್ಮ ಬಳಿ ಬರುವ ರೋಗಿಗೆ ತಾವೇ ತಯಾರಿಸಿ ಕೊಡುವ ಔಷಧಿಗೆ ತಯಾರಿಕೆಯ ಲೈಸೆನ್ಸ್ ನಿಯಮ ಅನ್ವಯಿಸುವುದಿಲ್ಲ. ಪೇಪರಿನಲ್ಲಿ ಕಟ್ಟಿಕೊಟ್ಟ ಪೊಟ್ಟಣ ಯಾವ ಪ್ರಯೋಗಾಲಯದ ಬಾಗಿಲನ್ನೂ ನೋಡಿರುವುದಿಲ್ಲ. ಅಲ್ಲಿ ನಮ್ಮನ್ನು ಕಾಯುವುದು ಕೊಡುವವರ ಜ್ಞಾನ, ನಮ್ಮ ಪ್ರಶ್ನೆ, ಇವೆರಡೇ.

ನಾವೇನು ಮಾಡಬಹುದು?

ಅಂಗಡಿಯಿಂದ ಕೊಳ್ಳುವಾಗ ಲೇಬಲ್ ಓದಿ. ಆಯುರ್ವೇದ ಅಥವಾ ಯುನಾನಿ ಔಷಧಿ ಎಂಬ ಮಾತು, ತಯಾರಕರ ವಿಳಾಸ, ಲೈಸೆನ್ಸ್ ಸಂಖ್ಯೆ, ಬ್ಯಾಚ್ ಸಂಖ್ಯೆ, ತಯಾರಾದ ದಿನ, ಅವಧಿ ಮುಗಿಯುವ ದಿನ, ಒಳಗಿರುವ ದ್ರವ್ಯಗಳ ಪಟ್ಟಿ ಇರಬೇಕು. ವೈದ್ಯರ ಮೇಲ್ವಿಚಾರಣೆಯಲ್ಲಿ ತೆಗೆದುಕೊಳ್ಳಿ ಎಂದು ಬರೆದಿದ್ದರೆ ಅದನ್ನು ಲಘುವಾಗಿ ನೋಡಬೇಡಿ.

ನಾಟಿ ಔಷಧಿ ತಂದರೆ ಗಿಡದ ಹೆಸರು, ಜೊತೆಗೆ ಸೇರಿಸಿದ್ದು, ಎಷ್ಟು ಪ್ರಮಾಣ ಎಂದು ಕೇಳಿ ಬರೆದಿಟ್ಟುಕೊಳ್ಳಿ. ಗೌರವದಿಂದ ಕೇಳಿದರೆ ಬಹಳ ಜನ ಹೇಳುತ್ತಾರೆ. ಒಂದು ಚಮಚ ಪುಡಿಯನ್ನು ಎತ್ತಿಡಿ. ಡಾಕ್ಟರ್ ಹತ್ತಿರ ಹೋದಾಗ ಮುಚ್ಚಿಡಬೇಡಿ.

ಕಾಮಾಲೆಯಲ್ಲಿ ಮಂಪರು, ಗೊಂದಲದ ಮಾತು, ನಿಲ್ಲದ ವಾಂತಿ, ರಕ್ತಸ್ರಾವ ಕಂಡರೆ ಒಂದು ದಿನವೂ ಕಾಯದೆ ಆಸ್ಪತ್ರೆಗೆ ಹೋಗಿ. ಗರ್ಭಿಣಿಗೆ ಕಾಮಾಲೆ ಬಂದರೆ ಕೂಡಲೇ ಹೋಗಬೇಕು, ಹೆಪಟೈಟಿಸ್ ಇ ಅವರಿಗೆ ಜೀವಾಪಾಯ ತರಬಹುದು.

ನಮ್ಮ ಜೀವಶಾಸ್ತ್ರ ಮೇಡಂ ಅನುಮತಿ ಪಡೆದು ನಾವು ಮೂವರು ಗೆಳತಿಯರು ಗ್ರಂಧಿಗೆ ಅಂಗಡಿಯಿಂದ ಒಣ ನೆಲನೆಲ್ಲಿ ತಂದು ಲ್ಯಾಬಿನಲ್ಲಿ ಪೇಪರ್ ಮೇಲೆ ಹರಡಿದೆವು. ಹುಲ್ಲು, ಮಣ್ಣಿನ ಹೆಂಟೆ, ಒಂದು ಪ್ಲಾಸ್ಟಿಕ್ ದಾರ ಸಿಕ್ಕವು. ತೂಗಿದರೆ ಶೇ. 2ರ ಮಿತಿಯನ್ನು ಅದು ಸುಲಭವಾಗಿ ದಾಟಿತ್ತು. ಆರಿಸಿದ ಗಿಡಗಳ ಕಾಯಿಯನ್ನು ಕೈಗನ್ನಡಿಯಲ್ಲಿ ನೋಡಿದಾಗ ಹೆಚ್ಚಿನವು ನುಣುಪಾಗಿದ್ದವು, ಕೆಲವು ಗುಳ್ಳೆಗುಳ್ಳೆಯಾಗಿದ್ದವು. ಒಂದೇ ಪೊಟ್ಟಣದಲ್ಲಿ ಎರಡು ನೆಲನೆಲ್ಲಿ!

ಅದನ್ನು ನಾನಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ಎರಡೂ ಕಾಯಿಗಳನ್ನು ಬಹಳ ಹೊತ್ತು ನೋಡಿದರು. "ನಮ್ಮ ಅಮ್ಮ ಗಿಡದ ಬೇರು ಕಿತ್ತು, ಕಾಯಿ ನೋಡಿ, ಎಲೆ ಜಗಿದು ಆಮೇಲೆ ಬುಟ್ಟಿಗೆ ಹಾಕ್ತಿದ್ದರು. ಪೊಟ್ಟಣ ತರೋದು ನಾವು ಶುರು ಮಾಡಿದ್ದು" ಎಂದರು. ಈಗ ನಾನಿಯ ಔಷಧಿ ಡಬ್ಬಿಯಲ್ಲಿರುವ ಪ್ರತಿ ಪೊಟ್ಟಣದ ಮೇಲೂ ಹೆಸರು, ಎಲ್ಲಿಂದ ತಂದದ್ದು, ಯಾವ ದಿನ ಎಂದು ಚೀಟಿ ಇದೆ. ಉರ್ದುವಿನಲ್ಲಿ ಅವರು ಬರೆಯುತ್ತಾರೆ, ಕನ್ನಡದಲ್ಲಿ ನಾನು.

ನಿಮ್ಮ ಮನೆಯಲ್ಲೂ ಇಂಥ ಡಬ್ಬಿ ಇದ್ದರೆ ಲ್ಯಾಬಿಗೆ ತನ್ನಿ, ಒಟ್ಟಿಗೆ ನೋಡೋಣ. ಗಿಡ ತರುವುದಾದರೆ ಬೇರು, ಹೂ, ಕಾಯಿ ಸಮೇತ ತನ್ನಿ. ಬರೀ ಎಲೆ ನೋಡಿ ನಾವು ಹೆಸರು ಹೇಳುವುದಿಲ್ಲ.